ನೇಕಾರ ಶರಣನ ಮದುವೆಯೂ ಮದುವೆಯ ಸೀರೆಯೂ

ಆದ್ಯ ವಚನಕಾರರ ಸಾಲಿನಲ್ಲಿ ನಿಲ್ಲುವ ಜೇಡರ ದಾಸಿಮಯ್ಯನವರು ಮಗ್ಗದ ಕಾಯಕದವರು. ಇಂದಿನ ಯಾದಗಿರಿ ಜಿಲ್ಲೆಯ ಮುದನೂರು ಅವರ ಊರು. ಆ ಊರಿನ ರಾಮನಾಥನೇ ಅವರ ವಚನಗಳ ಅಂಕಿತ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಇಬ್ಬರೂ ಒಬ್ಬರೇ ಅಥವಾ ಬೇರೆ ಬೇರೆಯವರೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದಿದೆ. ಆದರೆ ಬಸವಣ್ಣನವರು ತಮ್ಮ ವಚನಗಳಲ್ಲಿ ಭಕ್ತಿಯಿಂದ ನೆನೆದ ಹಿರಿಯ ದಾಸಿಮಯ್ಯನವರು ನೇಯ್ದು ಬದುಕಿದವರೆಂಬುದನ್ನು ಶರಣ ಪರಂಪರೆ ಒಮ್ಮತದಿಂದ ಹೇಳಿಕೊಂಡು ಬಂದಿದೆ.

ಈ ಶರಣರ ಮದುವೆಯ ಕಥೆಯೊಂದನ್ನು ಹಿರಿಯರು ಹೇಳುವುದುಂಟು. ಕನ್ಯೆಯನ್ನು ಅರಸಿ ಹೊರಟ ದಾಸಿಮಯ್ಯನವರ ಕೈಯಲ್ಲಿ ಹೊನ್ನಿರಲಿಲ್ಲ, ಒಡವೆಯಿರಲಿಲ್ಲ. ಇದ್ದುದು ಮರಳು ಬೆರೆತ ಅಕ್ಕಿ ಮತ್ತು ಕಬ್ಬಿನ ಜಲ್ಲೆ. ಬೇರೆ ನೀರನ್ನೂ ಬೇರೆ ಸೌದೆಯನ್ನೂ ಬಳಸದೆ ಇವೆರಡರಿಂದಲೇ ಪಾಯಸ ಮಾಡಬಲ್ಲವಳು ತನಗೆ ತಕ್ಕ ಸತಿ ಎಂಬುದು ಅವರ ಮಾತು. ಅನೇಕರು ನಕ್ಕರು. ದುಗ್ಗಳೆ ಎಂಬ ಕನ್ಯೆ ನಗಲಿಲ್ಲ. ಅಕ್ಕಿಯಿಂದ ಮರಳನ್ನು ಬೇರ್ಪಡಿಸಿದಳು. ಕಬ್ಬನ್ನು ಹಿಂಡಿ ರಸ ತೆಗೆದಳು. ಹಿಂಡಿ ಉಳಿದ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ಒಲೆಗಿಟ್ಟು, ಆ ರಸದಲ್ಲಿಯೇ ಅಕ್ಕಿ ಬೇಯಿಸಿ ಪಾಯಸವನ್ನು ಮುಂದಿಟ್ಟಳು. ಮದುವೆ ನಡೆಯಿತು.

ಇದು ಕಥೆ, ಶಾಸನದ ಆಧಾರವನ್ನು ಇದಕ್ಕೆ ಕೇಳುವಂತಿಲ್ಲ. ಆದರೂ ನೇಕಾರನೊಬ್ಬನ ಮದುವೆಗೆ ಜನಮನ ಈ ಕಥೆಯನ್ನೇ ಕಟ್ಟಿತೆಂಬುದು ಗಮನಿಸತಕ್ಕ ಸಂಗತಿ. ನೂಲಿನ ಎಳೆಯೊಂದೂ ವ್ಯರ್ಥವಾಗದಂತೆ ಕೆಲಸ ಮಾಡುವವನ ಮನೆಗೆ ಕಬ್ಬಿನ ಸಿಪ್ಪೆಯನ್ನೂ ಬಿಸಾಡದ ಹೆಣ್ಣುಮಗಳು ಬಂದಳು. ವರನ ಕಡೆಯವರು ವಧುವಿನಲ್ಲಿ ಅರಸಿದ್ದು ಕೈಯ ಜಾಣ್ಮೆಯನ್ನು. ಕನ್ನಡ ನಾಡಿನ ಮದುವೆ ಮನೆಗಳಲ್ಲಿ ಕೈಕೆಲಸಕ್ಕೆ ಇದ್ದ ಸ್ಥಾನವೇನು, ಆ ಕೆಲಸ ಮಾಡಿದ ಕೈಗೆ ಇದ್ದ ಸ್ಥಾನವೇನು ಎಂಬ ಎರಡು ಪ್ರಶ್ನೆಗಳು ಇಲ್ಲಿಂದಲೇ ಆರಂಭವಾಗುತ್ತವೆ. ಈ ಎರಡೂ ಒಂದೇ ಪ್ರಶ್ನೆಯಲ್ಲ.

ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಕೈಕೆಲಸದವರಿಗೆ ಕೊರತೆಯಿರಲಿಲ್ಲ. ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಮಡಕೆ ಮಾಡುವ ಕುಂಬಾರ ಗುಂಡಯ್ಯ, ಸೂಜಿಕಾಯಕದ ರಾಮಿತಂದೆ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಕದಿರ ಕಾಯಕದ ಕಾಳವ್ವೆ ಮೊದಲಾದವರ ಹೆಸರುಗಳೇ ಅವರ ಉಪಕರಣಗಳನ್ನು ಹೇಳುತ್ತವೆ. ಮದುವೆಯೊಂದಕ್ಕೆ ಬೇಕಾದ ಬುಟ್ಟಿ, ಮೊರ, ಮಡಕೆ, ಹಗ್ಗ, ನೂಲು, ಬಟ್ಟೆ ಎಲ್ಲವೂ ಇಂಥವರ ಕೈಯಿಂದಲೇ ಬರಬೇಕಿತ್ತು. ಲೋಕಕ್ಕೆ ವಸ್ತು ಬೇಕಿತ್ತು. ಮಾಡಿದವನು ಪಂಕ್ತಿಯಲ್ಲಿ ಬೇಕಿರಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದೇ ಅನುಭವ ಮಂಟಪದ ಹೊಸತನ.

ಅದಕ್ಕೆ ಕಲ್ಯಾಣ ತೆತ್ತ ಬೆಲೆಯೂ ಒಂದು ಮದುವೆಯ ನಿಮಿತ್ತದಿಂದಲೇ ಬಂದಿತು. ಸಮಗಾರ ಹರಳಯ್ಯನವರು ಮತ್ತು ಅವರ ಪತ್ನಿ ಕಲ್ಯಾಣಮ್ಮನವರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಕಾಲಿಗೆ ತೊಡದೆ ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆ ಹೇಳುತ್ತದೆ. ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳು ಲಾವಣ್ಯಳಿಗೂ ಮದುವೆಯಾದಾಗ, ಬಿಜ್ಜಳನ ಆಸ್ಥಾನ ಸಹಿಸಲಿಲ್ಲ. ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತು. 12ನೆಯ ಶತಮಾನದ ಏಳನೆಯ ದಶಕದಲ್ಲಿ ಕಲ್ಯಾಣ ಕದಡಿತು, ಶರಣರು ಚದುರಿದರು. ಕಲಾಕೌಶಲವನ್ನು ಮೆಚ್ಚಿಕೊಳ್ಳುವುದಕ್ಕೂ ಕುಶಲಕರ್ಮಿಯನ್ನು ಬೀಗನೆಂದು ಒಪ್ಪಿಕೊಳ್ಳುವುದಕ್ಕೂ ಇರುವ ದೂರ ಎಷ್ಟೆಂಬುದನ್ನು ಈ ಒಂದು ಘಟನೆ ತೋರಿಸಿಕೊಟ್ಟಷ್ಟು ಬೇರೆ ಯಾವುದೂ ತೋರಿಸಿಲ್ಲ.

ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಆ ಸೀಮೆಯಲ್ಲಿಯೇ, ಹುನಗುಂದಕ್ಕೆ ಸಮೀಪದಲ್ಲಿ, ಇಳಕಲ್ ಇದೆ. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಊರಿನ ಹೆಸರು ಉತ್ತರ ಕರ್ನಾಟಕದ ಮನೆಗಳಲ್ಲಿ ಸೀರೆಗೆ ಪರ್ಯಾಯವೇ ಆಗಿದೆ. ನೆರೆಯ ಮಹಾರಾಷ್ಟ್ರದ ಹೆಣ್ಣುಮಕ್ಕಳೂ ಇದನ್ನು ಬಲ್ಲರು. ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು; ಒಡಲಿನಲ್ಲಿ ಗೆರೆ ಅಥವಾ ಚೌಕುಳಿ; ದಾಳಿಂಬೆಗೆಂಪು, ನವಿಲು ಬಣ್ಣ, ಗಿಳಿಹಸಿರು; ಇಷ್ಟು ಹೇಳಿದರೆ ಸೀರೆಯ ಚಹರೆ ಕಣ್ಣಿಗೆ ಕಟ್ಟುತ್ತದೆ. ಮದುಮಗಳ ಸೀರೆಗೆ ಗಿರಿಕುಂಕುಮವೆಂಬ ಬಣ್ಣ ಮೀಸಲು. ಅಂಚಿನಲ್ಲಿ ಚಿಕ್ಕಿ, ಗೋಮಿ, ಪರಾಸ, ಗಾಡಿ ಎಂಬ ಬಗೆಗಳಿವೆ.

ಆದರೆ ಇಳಕಲ್ಲನ್ನು ಇಳಕಲ್ ಮಾಡಿದ್ದು ಬಣ್ಣವೂ ಅಲ್ಲ, ಅಂಚೂ ಅಲ್ಲ, ಅದರ ಸೆರಗು. ಕೆಂಪು ರೇಷ್ಮೆಯ ಮೂರು ಪಟ್ಟೆಗಳು, ಅವುಗಳ ನಡುವೆ ಬಿಳಿಯ ಎರಡು ಪಟ್ಟೆಗಳು. ಇದಕ್ಕೆ ತೋಪು ತೆನೆ ಸೆರಗೆಂದು ಹೆಸರು. ಬಿಳಿಯ ಚಿತ್ತಾರಗಳಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು ಕಾಣುತ್ತವೆ. ಬಯಲುಸೀಮೆಯ ಹೆಣ್ಣುಮಗಳ ಕಣ್ಣಿಗೆ ದಿನವೂ ಬೀಳುವ ವಸ್ತುಗಳಿವು. ತಲೆ ಬಾಚುವ ಹಣಿಗೆಯೂ ಹೊಲದ ಜೋಳವೂ ಮದುವೆಯ ಸೆರಗನ್ನೇರಿ ಕುಳಿತಿವೆ. ಸೊಬಗನ್ನು ಅರಸಿ ನೇಕಾರನು ದೂರ ಹೋಗಲಿಲ್ಲ.

ಆ ಸೆರಗು ಒಡಲಿಗೆ ಸೇರುವ ಬಗೆಯನ್ನು ಕೊಂಚ ನಿಧಾನವಾಗಿ ನೋಡಬೇಕು. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆಗಳು ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಒಂದೇ. ಹಾಗಿದ್ದಾಗ ಒಡಲಿನ ಬಣ್ಣ ಸೆರಗಿನಲ್ಲಿಯೂ ಇಣುಕುತ್ತದೆ. ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹಾಕಿದರೆ ಅಚ್ಚಗೆಂಪು ಬರುವುದಿಲ್ಲ. ಇಳಕಲ್ಲಿನ ನೇಕಾರರು ಇದಕ್ಕೆ ಕಂಡುಕೊಂಡ ಉಪಾಯ, ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡು ಹಾಸುಗಳು ಕೂಡುವಲ್ಲಿ ಒಂದರ ಎಳೆಯನ್ನು ಕುಣಿಕೆ ಮಾಡಿ ಇನ್ನೊಂದರ ಕುಣಿಕೆಯೊಳಗೆ ಸಿಕ್ಕಿಸಲಾಗುತ್ತದೆ. ಇದೇ ಕೊಂಡಿ. ಸೀರೆಯ ಅಗಲದುದ್ದಕ್ಕೂ ಒಂದೊಂದಾಗಿ ಈ ಕೊಂಡಿ ಬೀಳಬೇಕು. ಒಂದು ತಪ್ಪಿದರೂ ಅಲ್ಲಿ ಸಂದು ಬಿಡುತ್ತದೆ. ಕೂಡಿದ ಮೇಲೆ ಹತ್ತಿಯ ಒಡಲು ಎಲ್ಲಿ ಮುಗಿಯಿತು, ರೇಷ್ಮೆಯ ಸೆರಗು ಎಲ್ಲಿ ಆರಂಭವಾಯಿತೆಂಬುದು ಬಣ್ಣದಿಂದ ಮಾತ್ರ ತಿಳಿಯುತ್ತದೆ.

ಕೊಂಡಿಯ ಕಾರಣದಿಂದ ಇನ್ನೊಂದು ನಿಯಮವೂ ಹುಟ್ಟಿತು. ಹತ್ತಾರು ಸೀರೆಗೆ ಒಂದೇ ಉದ್ದನೆಯ ಹಾಸು ಹೂಡಿ ಸಾಲಾಗಿ ನೇಯ್ದು ಕತ್ತರಿಸುವ ಕ್ರಮ ಇಲ್ಲಿ ನಡೆಯದು. 6 ಗಜ, 8 ಗಜ, 9 ಗಜ, ಹೀಗೆ ಆಯಾ ಸೀರೆಯ ಅಳತೆಗೇ ಹಾಸು ಸಿದ್ಧವಾಗಬೇಕು. ಪ್ರತಿಯೊಂದು ಸೀರೆಯೂ ಬೇರೆಯೇ ಹುಟ್ಟು.

ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತು ಲಾಳಿ ಎಸೆಯುವವನು ಒಬ್ಬನಾದರೂ ಆ ಸೀರೆಯ ಹಿಂದೆ ಇಡೀ ಮನೆಯೇ ಇರುತ್ತದೆ. ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಗಂಜಿ ಹಾಕುವುದು, ಕೊಂಡಿ ಸೇರಿಸುವುದು, ಇವುಗಳಲ್ಲಿ ಬಹುಪಾಲು ಹೆಣ್ಣುಮಕ್ಕಳ ದುಡಿಮೆ. ಮಗ್ಗದ ಮೇಲೆ ಕುಳಿತವನನ್ನೇ ನೇಕಾರನೆಂದು ಎಣಿಸುವ ರೂಢಿಯಿಂದ ಈ ದುಡಿಮೆ ಲೆಕ್ಕಕ್ಕೇ ಸಿಗದೆ ಹೋಗುತ್ತಿತ್ತು. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ನೇಕಾರರನ್ನೂ ಪೂರಕ ಕೆಲಸದವರನ್ನೂ ಕೂಡಿಸಿ ಎಣಿಸಿದಾಗ ದೇಶದಲ್ಲಿ 35.22 ಲಕ್ಷ ಜನ ಕಂಡುಬಂದರು. ಅವರಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಮಹಿಳೆಯರು. ಕದಿರ ರೆಮ್ಮವ್ವೆಯನ್ನು ಕಾಯಕದ ಹೆಸರಿನಿಂದಲೇ ಗುರುತಿಸಿದ ಶರಣರ ಲೆಕ್ಕ ಸರಿಯಾಗಿಯೇ ಇತ್ತು.

ಇಳಕಲ್ ಸೀರೆಯ ಜೊತೆಗೆ ಗುಳೇದಗುಡ್ಡದ ಖಣ ಬಾರದೆ ಮದುವೆ ಪೂರ್ಣವಾಗದು. ಅದೇ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ, ಕುಪ್ಪಸಕ್ಕೆ ತಕ್ಕಷ್ಟೇ ಅಗಲದ ಈ ಬಟ್ಟೆಯಲ್ಲಿ ತೇರು, ಸೂಜಿಮಲ್ಲಿಗೆಯಂಥ ಸಣ್ಣ ಚಿತ್ತಾರಗಳು ಮೈತುಂಬ ಇರುತ್ತವೆ. ಖಣಕ್ಕೆ ಉಡುಗೆಯಾಗಿ ಇರುವ ಬೆಲೆಗಿಂತ ಉಡಿಯಾಗಿ ಇರುವ ಬೆಲೆ ಹೆಚ್ಚು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊನೆ, ಉತ್ತುತ್ತಿ, ಅಡಿಕೆ, ಎಲೆಗಳೊಡನೆ ಖಣವನ್ನಿಟ್ಟು ಮುತ್ತೈದೆಯರ ಉಡಿ ತುಂಬುವರು. ತವರಿಗೆ ಬಂದು ಹೋಗುವ ಮಗಳಿಗೆ ಒಂದು ಖಣ, ಬೀಗಿತಿಗೆ ಒಂದು ಖಣ, ಊರ ದೇವಿಗೆ ಒಂದು ಖಣ. ಒಂದು ಮದುವೆಯಿಂದ ನೇಕಾರರ ಮನೆಗೆ ಹೋಗುವ ಬೇಡಿಕೆ ಹೀಗೆ ಹತ್ತು ದಾರಿಯಾಗಿ ಹರಿಯುತ್ತಿತ್ತು.

ಮದುವೆಯ ಹಿಂದಿನ ಸುರಗಿಯ ಶಾಸ್ತ್ರದಲ್ಲಿ ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು ಸುತ್ತಲೂ ನೂಲು ಸುತ್ತಿ, ನಡುವೆ ವಧೂವರರನ್ನು ಕೂರಿಸಿ ಅರಿಷಿಣದ ನೀರೆರೆಯುವ ರೂಢಿ ಅನೇಕ ಮನೆಗಳಲ್ಲಿದೆ. ಅಲ್ಲಿ ಬಟ್ಟೆಯಾಗುವ ಮೊದಲಿನ ನೂಲಿಗೇ ಮಾನ್ಯತೆ.

ನೇಯ್ದ ಬಟ್ಟೆಯ ಮೇಲೆ ಹೆಣ್ಣುಮಕ್ಕಳು ಸೂಜಿಯಿಂದ ಬರೆದದ್ದು ಕಸೂತಿ. ಧಾರವಾಡದ ಸೀಮೆಯ ಈ ಕಲೆಯಲ್ಲಿ ನಾಲ್ಕೇ ಹೊಲಿಗೆಗಳು: ಗಾವಂತಿ, ಮುರಗಿ, ನೇಯ್ಗಿ, ಮೆಂತೆ. ಗಾವಂತಿಯೂ ಮುರಗಿಯೂ ಬಟ್ಟೆಯ ಎರಡು ಮಗ್ಗುಲಿಗೂ ಒಂದೇ ರೀತಿ ಕಾಣಬೇಕು. ಗಂಟು ಎಲ್ಲಿಯೂ ಕಾಣಬಾರದು. ಮೊದಲು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಹಳೆಯ ಕಸೂತಿಯಲ್ಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಲ್ಲಿಯೇ ಎಣಿಸುತ್ತ ಹೋಗಬೇಕು. ಗೋಪುರ, ತೇರು, ಆನೆ ಅಂಬಾರಿ, ನಂದಿ, ನವಿಲು, ಗಿಳಿ, ಕಮಲ, ತೊಟ್ಟಿಲು ಇವೆಲ್ಲ ಆ ಎಣಿಕೆಯಿಂದಲೇ ಮೂಡಿದವು. ನೇಕಾರನ ಎಳೆ ನೇರವಾಗಿರದಿದ್ದರೆ ಕಸೂತಿಯವಳ ಎಣಿಕೆ ತಪ್ಪುತ್ತದೆ. ಪರಸ್ಪರ ಮುಖ ನೋಡದ ಇಬ್ಬರ ನಡುವೆ ಇಂಥ ನಂಬಿಕೆಯ ನಂಟು. ಮದುಮಗಳಿಗೆ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ತೆಗೆದು ಕೊಡುವ ಪದ್ಧತಿ ಹಿಂದೆ ಇತ್ತು. ಮಂಗಲ ಕಾರ್ಯಕ್ಕೆ ಕಪ್ಪು ಸಲ್ಲದೆಂಬ ಮಾತನ್ನು ಈ ಸೀಮೆಯ ಹೆಣ್ಣುಮಕ್ಕಳು ಸೂಜಿಯ ತುದಿಯಿಂದಲೇ ಪಕ್ಕಕ್ಕೆ ಸರಿಸಿದ್ದರು.

ಅಡುಗೆಯ ಮಾತಿಗೆ ಬಂದರೆ ದುಗ್ಗಳೆಯ ಪಾಯಸದ ಮನೆತನಕ್ಕೆ ಸೇರಿದ್ದು ಮಾದಲಿ. ಹಾವೇರಿ, ದಾವಣಗೆರೆ, ಧಾರವಾಡ, ಗದಗ, ಕೊಪ್ಪಳದ ಸೀಮೆಗಳಲ್ಲಿ ಮದುವೆಯ ಪಂಕ್ತಿಗೂ ಮಠಗಳ ದಾಸೋಹಕ್ಕೂ ಇದು ಬೇಕು. ಗೋದಿ, ಕಡಲೆಬೇಳೆಗಳನ್ನು ತರಿಯಾಗಿ ಬೀಸಿ, ನಾದಿ, ದಪ್ಪನೆಯ ರೊಟ್ಟಿ ಬೇಯಿಸಿ, ಅದನ್ನು ಮುರಿದು ಕುಟ್ಟಿ ಜರಡಿ ಹಿಡಿದು, ಬೆಲ್ಲದ ಪುಡಿ, ಒಣಕೊಬ್ಬರಿ, ಗಸಗಸೆ, ಪುಠಾಣಿ, ಏಲಕ್ಕಿ ಬೆರೆಸಿದರೆ ಮಾದಲಿ. ಬಡಿಸುವಾಗ ಮೇಲೆ ಹಾಲು, ತುಪ್ಪ. ಕೆಡದೆ ದಿನಗಟ್ಟಲೆ ಉಳಿಯುವುದು ಇದರ ಗುಣ. ಒಬ್ಬರಿಂದ ಮುಗಿಯದಿರುವುದೂ ಇದರ ಗುಣವೇ. ಬೀಸಲು, ಕುಟ್ಟಲು, ಜರಡಿ ಹಿಡಿಯಲು ಓಣಿಯ ಹೆಂಗಸರೆಲ್ಲ ಸೇರಲೇಬೇಕು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ, ಮಾದಲಿ ಹೊತ್ತ ಬಂಡಿಗಳು ಇಂದಿಗೂ ಬರುತ್ತವೆ. ಅಷ್ಟೂ ಹಳ್ಳಿಗಳ ಹೆಣ್ಣುಮಕ್ಕಳ ಅಂಗೈಯ ಗುರುತು ಆ ರೊಟ್ಟಿಗಳ ಮೇಲಿರುತ್ತದೆ.

ಹಾಗೆಂದು ಮದುವೆಯೂಟದ ಅತಿಯನ್ನು ಶರಣರು ಒಪ್ಪಿದವರಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಸತಿ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಹೇಳಿದ ಸಂಗತಿ ಎಲ್ಲ ಭಕ್ತರಿಗೂ ತಿಳಿದದ್ದೇ. ಇಂದಿನ ಕಲ್ಯಾಣ ಮಂಟಪಗಳಲ್ಲಿ ಎಲೆಯಲ್ಲಿ ಉಳಿಯುವ ಅನ್ನವನ್ನು ಕಂಡರೆ ಅಮ್ಮನವರು ಏನು ಹೇಳುತ್ತಿದ್ದರೆಂಬುದನ್ನು ಬಿಡಿಸಿ ಬರೆಯಬೇಕಾಗಿಲ್ಲ.

ಮೊದಲು ಗಿರಣಿಯ ಬಟ್ಟೆ, ಆಮೇಲೆ ವಿದ್ಯುತ್ ಮಗ್ಗ, ಕೃತಕ ರೇಷ್ಮೆ: ಕೈಮಗ್ಗದ ಮೇಲೆ ಬಂದ ಪೆಟ್ಟುಗಳ ಕ್ರಮವಿದು. ಸ್ವಾತಂತ್ರ್ಯಾನಂತರ ನೆರವಿನ ಹಸ್ತಗಳೂ ಬಂದವು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಯಿತು. ಅದನ್ನು ಬಹುಕಾಲ ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂದಿತು. 1985ರ ಕಾಯಿದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಇದ್ದ ಮೀಸಲು ವಸ್ತುಗಳ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಕರಕುಶಲ ಮಂಡಳಿಯನ್ನೂ ಕೈಮಗ್ಗ ಮಂಡಳಿಯನ್ನೂ ಕೇಂದ್ರ ಸರಕಾರ 2020ರಲ್ಲಿ ರದ್ದುಮಾಡಿತು. 2009-10ರ ಗಣತಿಯಲ್ಲಿ 43.31 ಲಕ್ಷವಿದ್ದ ಕೈಮಗ್ಗದವರು ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಕಡಿಮೆಯಾದರು. ಆ ಎಂಟು ಲಕ್ಷ ಜನರ ಮಕ್ಕಳು ಲಾಳಿ ಹಿಡಿಯದೆ ಕೂಲಿಗೋ ಪಟ್ಟಣಕ್ಕೋ ಹೋದರೆ ಅವರನ್ನು ದೂರುವಂತಿಲ್ಲ.

1999ರ ಭೌಗೋಳಿಕ ಗುರುತಿನ ಕಾಯಿದೆ 2003ರಲ್ಲಿ ಜಾರಿಗೆ ಬಂದ ಮೇಲೆ ಕಸೂತಿ, ಇಳಕಲ್ ಸೀರೆ, ಗುಳೇದಗುಡ್ಡ ಖಣ ಮೂರೂ ನೋಂದಣಿ ಪಡೆದವು. ಹೆಸರಿಗೆ ಕಾವಲು ಸಿಕ್ಕಿತು. ಆದರೂ ಪೇಟೆಯಲ್ಲಿ ಇಳಕಲ್ ಎಂದು ಮಾರಾಟವಾಗುವ ಎಲ್ಲ ಸೀರೆಗಳೂ ಕೈಮಗ್ಗದವಲ್ಲ. ತೋಪು ತೆನೆಯನ್ನು ಅಚ್ಚು ಹಾಕಿದ ಬಟ್ಟೆಯೂ ಇದೆ, ಯಂತ್ರದ ಕಸೂತಿಯೂ ಇದೆ. ಬಡ ಮನೆಯ ಹೆಣ್ಣುಮಗಳು ಕಡಿಮೆ ಬೆಲೆಯದನ್ನು ಉಟ್ಟು ಸಂತೋಷಪಟ್ಟರೆ ಅದು ತಪ್ಪೆನ್ನುವುದು ಕಟುವಾಗುತ್ತದೆ. ಲಕ್ಷಗಟ್ಟಲೆ ಹಣವನ್ನು ಮಂಟಪದ ಅಲಂಕಾರಕ್ಕೆ ಸುರಿದವರು ನೇಕಾರನ ಮುಂದೆ ಐವತ್ತು ನೂರು ರೂಪಾಯಿಗೆ ಚೌಕಾಸಿ ಮಾಡುವುದೇ ಹರಳಯ್ಯನವರ ಕಾಲದ ಹಳೆಯ ಅಂತರ. ಚಮ್ಮಾವುಗೆಯನ್ನು ಮೆಚ್ಚಿ ಹರಳಯ್ಯನನ್ನು ಬಾಗಿಲಲ್ಲೇ ನಿಲ್ಲಿಸಿದವರು ಆಗಲೂ ಇದ್ದರು.

ಅಸಲನ್ನು ಗುರುತಿಸಲು ಭಕ್ತರು ಪಂಡಿತರಾಗಬೇಕಿಲ್ಲ. ಸೆರಗು ಆರಂಭವಾಗುವ ಗೆರೆಯನ್ನು ಮಗುಚಿ ನೋಡಿದರೆ ಕೊಂಡಿಗಳ ಸಾಲು ಬೆರಳಿಗೆ ಸಿಗುತ್ತದೆ. ಕೆಂಪು ಭಾಗದಲ್ಲಿ ಒಡಲಿನ ಬಣ್ಣದ ಎಳೆ ಕಾಣಬಾರದು. 2006ರಿಂದ ಜಾರಿಯಲ್ಲಿರುವ ಕೈಮಗ್ಗದ ಮುದ್ರೆಯನ್ನು ಕೇಳಿ ನೋಡಬಹುದು. ಕಸೂತಿಯಾದರೆ ಹಿಂಬದಿಯನ್ನು ನೋಡಬೇಕು. ಮೇಲಾಗಿ, ಒಂದು ಹಾಸಿಗೆ ಒಂದೇ ಸೀರೆ ಎಂಬ ಇಳಕಲ್ಲಿನ ಆ ಹಳೆಯ ನಿಯಮ ಮದುವೆ ಮನೆಗೆ ಅನುಕೂಲವೇ ಆಗಿದೆ. ಅಳತೆ, ಒಡಲ ಬಣ್ಣ, ಅಂಚು ಇವನ್ನು ಹೇಳಿ ನೇಯಿಸಬಹುದು. ಹಾಸು ಹೂಡಿ ಕೊಂಡಿ ಸೇರಿಸಿ ನೇಯ್ದು ಮುಗಿಸಲು ವಾರವೊಂದು ಬೇಕಾಗುತ್ತದೆ. ಕಸೂತಿಯೂ ಬೇಕೆಂದರೆ ತಿಂಗಳುಗಳ ಮಾತು. ಆದ್ದರಿಂದ ನಿಶ್ಚಯವಾದ ಕೂಡಲೇ, ಮಂಟಪ ಗೊತ್ತುಮಾಡುವ ಮೊದಲೇ, ನೇಕಾರರ ಮನೆಗೆ ಹೋಗಿ ಮುಂಗಡ ಕೊಟ್ಟು ಬರುವುದು ಒಳ್ಳೆಯದು. ಮದುವೆಯ ಕರೆಯೋಲೆಯನ್ನೂ ಆಗಲೇ ಕೊಟ್ಟು ಬರಬಹುದು.